ಹೊಸ ಕ್ಯಾಸೆಟ್ಟಿನ ಗಿಟಾರು

ಆಗ ನಾನು ಇಂಗ್ಲಿಷ್ ರಾಕ್ ಹಾಡಿನ ಕ್ಯಾಸೆಟ್ಟುಗಳನ್ನು ಅಂಗಡಿಗಳಿಗೆ ಹಾಕುತ್ತಿದ್ದೆ. ಹರಿಹರ ಸುತ್ತಿ ದಾವಣಗೆರೆಯ ರಹೀಂ ಸಾಬರ ಅಂಗಡಿಗೆ ಬರುವಷ್ಟರಲ್ಲಿ ಕಾಲು ಸೋತಿದ್ದವು. ಒಂದು ತಂಡದ ಹೊಸ ಕ್ಯಾಸೆಟ್ ಕೊಟ್ಟೆ.

"ಇದೂ ಇವರ ಹೋದ ವರ್ಷದ ಕ್ಯಾಸೆಟ್ಟಿನ ಥರಾನೇ ಐತೇನ್ರಿ?" ಅಂದರು ಸಾಬರು.

"ಬ್ಯಾರೇನೇ ಐತ್ರಿ. ಹಾಕಿ ಕೇಳ್ರಿ."

ಅವರು ಟೇಪ್ ರೆಕಾರ್ಡರ್ ಹಚ್ಚಿದರು. ನಾನು ಕಣ್ಣು ಮುಚ್ಚಿ ತಲೆದೂಗಿದೆ. "ಈ ಗಿಟಾರು ಕೇಳ್ರಿ. ಇಂಥದ್ದನ್ನ ಇವರು ಹಿಂದೆ ಬಾರಿಸೇ ಇಲ್ಲ."

ಸಾಬರು ಮೇಜಿನ ಕಡೆ ಬೆರಳು ತೋರಿಸಿದರು. "ನಿಮ್ಮದು ಇಲ್ಲೇ ಐತ್ರಿ, ಇನ್ನೂ ಪ್ಲಾಸ್ಟಿಕ್ ಬಿಚ್ಚಿಲ್ಲ. ಹಾಡ್ತಿರೋದು ಹೋದ ವರ್ಷದ್ದು."

ನಾನು ಸ್ಟೂಲ್ ಎಳೆದುಕೊಂಡು ಕೂತೆ. ಅವರೇ ಚಹಾ ತರಿಸಿದರು. "ಐದು ಕ್ಯಾಸೆಟ್ ಇಟ್ಟು ಹೋಗ್ರಿ. ಹೋದ ವರ್ಷಾನೂ ನೀವು ಗಿಟಾರಿನ ಮಾತೇ ಆಡಿದ್ರಿ."

ಆಡಿದ್ದು ನಿಜ. ಆದರೆ ಆ ಹಳೆಯ ಕ್ಯಾಸೆಟ್ಟನ್ನು ನಾನು ಮೊದಲು ಕೇಳಿದ್ದೇ ಈ ಸಲ, ಅವರ ಅಂಗಡಿಯಲ್ಲಿ ಅಂತ ಅವರಿಗೆ ಹೇಳಲಿಲ್ಲ.