ಮಲ್ಲಯ್ಯನ ಪಾಲಿನ ನೀರು

ಭಕ್ತ ಬಂಧುಗಳೇ, ನನ್ನ ತಪ್ಪಿನಿಂದ ಗೆಳತಿಯ ಕಣ್ಣೇ ಹೋಗುವುದಿತ್ತು. ಮುಚ್ಚಿಡದೆ ಬರೆಯುತ್ತಿದ್ದೇನೆ.

ನಾನು ತಿಕೋಟಾದವಳು, ವಿಜಯಪುರದಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದೇನೆ. ಬಬಲೇಶ್ವರದ ಸವಿತಾ ಮತ್ತು ನಾನು ಕೂಡಿ ಪ್ರಾಜೆಕ್ಟು ಮಾಡುತ್ತಿದ್ದೆವು. ಎಸೆದ ನೀರಿನ ಬಾಟಲಿಗಳ ಪ್ಲಾಸ್ಟಿಕ್ಕನ್ನು ಒಡೆದು, ಹೊಸ ಪ್ಲಾಸ್ಟಿಕ್ ಮಾಡಲು ಬರುವ ಹರಳು ತೆಗೆಯುವ ಕೆಲಸ. ವೇಗವರ್ಧಕವಾಗಿ ಹಾಕುತ್ತಿದ್ದದ್ದು ನಮ್ಮೂರಿನ ದ್ರಾಕ್ಷಿ ಕಡ್ಡಿಗಳ ಬೂದಿ. ಎಷ್ಟು ಒದ್ದಾಡಿದರೂ ಹರಳು ಕಾಣಲಿಲ್ಲ. ಆಗ ಅವ್ವ ಹರಕೆ ಹೊತ್ತಳು: ಶ್ರಾವಣದ ಪ್ರತಿ ಸೋಮವಾರ ನಮ್ಮ ಬಾವಿಯ ನೀರನ್ನು ವಿಜಯಪುರದ ಅಥಣಿ ರಸ್ತೆಯ ಪುಟ್ಟ ಗುಡಿಯ ಮಲ್ಲಯ್ಯನಿಗೆ ಎರೆಯಬೇಕು. ಐದು ಲೀಟರಿನ ಕ್ಯಾನನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದೆ. ಲ್ಯಾಬಿನ ಮೂಲೆಯಲ್ಲಿಟ್ಟು, ಸಂಜೆ ಗುಡಿಗೆ ಒಯ್ಯುವುದು.

"ಯಾರೂ ಮುಟ್ಟಬಾರದವ್ವಾ, ದೇವರ ನೀರದು" ಎಂದು ಅವ್ವ ಪ್ರತಿ ಸಲವೂ ಹೇಳುತ್ತಿದ್ದಳು.

ಎರಡನೆಯ ಸೋಮವಾರ ಬೂದಿನೀರನ್ನು ಕಾಯಿಸಿ ಕ್ಷಾರವನ್ನು ಗಟ್ಟಿ ಮಾಡುತ್ತಿದ್ದೆವು. ಸವಿತಾ ಕಣ್ಣು ಕಾಯುವ ಗಾಗಲ್ಲಿಗೆ ಕೈ ಚಾಚಿದಳು. ನಾನು ನಕ್ಕೆ.

"ಪಾತ್ರಿ ತಿಕ್ಕೋ ಬೂದಿಗೆ ಗಾಗಲ್ ಯಾಕಲೇ?"

ಆಕೆಯೂ ನಕ್ಕು ಅದನ್ನು ಕೆಳಗಿಟ್ಟಳು. ಸ್ವಲ್ಪ ಹೊತ್ತಿನಲ್ಲೇ ಬೀಕರು ಉಕ್ಕಿ ಆಕೆಯ ಎಡಗಣ್ಣಿಗೆ ಸಿಡಿಯಿತು.

"ಉರಿಯಾಕತ್ತದ, ಏನೂ ಕಾಣವಲ್ದು" ಎಂದು ಕೂಗಿದಳು.

ನಳ ತಿರುಗಿಸಿದೆ, ನೀರಿಲ್ಲ. ಮೂಲೆಯಲ್ಲಿ ದೇವರ ನೀರಿತ್ತು. ಒಂದು ಗಳಿಗೆ ಹಿಂಜರಿದೆ. ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ. "ಮಲ್ಲಯ್ಯಾ, ತಪ್ಪು ನಂದು, ಕಣ್ಣು ಅಕೀದು" ಎನ್ನುತ್ತಾ ಮುಚ್ಚಳ ತೆಗೆದು, ಆಕೆಯ ಕಣ್ಣು ಬಿಡಿಸಿ ಹಿಡಿದು, ಕ್ಯಾನು ಬರಿದಾಗುವವರೆಗೆ ಸಣ್ಣಗೆ ಸುರಿದೆ.

ಆಸ್ಪತ್ರೆಯಲ್ಲಿ ಮತ್ತೆ ತೊಳೆದು ಪಟ್ಟಿ ಕಟ್ಟಿದರು. "ಮೂರು ದಿನ ಏನೂ ಹೇಳಾಕಾಗಂಗಿಲ್ಲ" ಎಂದರು ಡಾಕ್ಟರು. ಆಕೆಗೆ ಹೇಗಿರಬಹುದೆಂದು ನಾನೂ ಎಡಗಣ್ಣು ಮುಚ್ಚಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ನಡೆದು ನೋಡಿದೆ. ಎದುರು ಬಂದ ಸೈಕಲ್ಲು ಕಾಣದೆ ಎಡವಿದಾಗ ಅಲ್ಲೇ ಕುಳಿತು ಅತ್ತೆ. ಹರಕೆಯ ನೀರನ್ನೂ ಕೆಡಿಸಿದ್ದೆನಲ್ಲ, ಇನ್ನು ಯಾವ ಮುಖ ಹೊತ್ತು ಬೇಡಲಿ?

ಪಟ್ಟಿ ಬಿಚ್ಚಿದಾಗ ಸವಿತಾ ಬಹಳ ಹೊತ್ತು ಕಣ್ಣು ಮಿಟುಕಿಸಿದಳು. ಆಮೇಲೆ ನನ್ನತ್ತ ತಿರುಗಿ, "ಮೂರು ದಿನದಿಂದ ತಲಿ ಬಾಚಿಲ್ಲೇನಲೇ?" ಎಂದಳು.

"ಆಗಿಂದಾಗ ನೀರು ಹಾಕಿದ್ದಕ್ಕ ಕಣ್ಣು ಉಳದದ ನೋಡ್ರಿ" ಎಂದರು ಡಾಕ್ಟರು.

ಮನೆಗೆ ಹೋಗಿ ಅವ್ವನ ಮುಂದೆ ಬರಿದಾದ ಕ್ಯಾನಿಟ್ಟು ಎಲ್ಲ ಹೇಳಿದೆ. ಆಕೆ ಕ್ಯಾನನ್ನು ತೊಳೆದಿಟ್ಟಳು.

"ಅಂವಗ ಎಲ್ಲಿ ಬೇಕಿತ್ತೋ ಅಲ್ಲೇ ಎರದಿ. ಬರೋ ಸ್ವಾಮಾರ ಎರಡು ಕ್ಯಾನ್ ಒಯ್ಯವ್ವಾ. ಒಂದು ಗುಡಿಗೆ, ಒಂದು ನಿಮ್ಮ ಲ್ಯಾಬಿನ ಆ ಮೂಲೀಗೆ."

ಹರಳು ಇನ್ನೂ ಬಂದಿಲ್ಲ. ಬಂದೀತು, ಅವನಿದ್ದಾನೆ. ದಿನವೂ ಒಲೆ ಹಚ್ಚುವ ಮೊದಲು ಮೂಲೆಯ ಕ್ಯಾನಿಗೆ ಕೈಮುಗಿಯುತ್ತೇನೆ. ಆಮೇಲೆ ಸವಿತಾಳಿಗೆ ನಾನೇ ಗಾಗಲ್ ಹಾಕುತ್ತೇನೆ.