ಮೌಲಾಬಿಯ ಖಾಲಿ ಸಿಲಿಂಡರ್

ನಮ್ಮ ಪಕ್ಕದ ಮನೆಯ ಚಾಂದಸಾಬರ ತಟ್ಟೆಯಲ್ಲಿ ಹೆಗ್ಗಣವೇ ಸತ್ತು ಬಿದ್ದಿದ್ದರೂ ಅವರಿಗೆ ಕಾಣುತ್ತಿದ್ದುದು ಹೆಂಡತಿ ಮೌಲಾಬಿಯ ತಟ್ಟೆಯ ನೊಣ. ಕುರುಗೋಡಿನಲ್ಲಿ ಫ್ರಿಜ್ ರಿಪೇರಿ ಮಾಡಿಕೊಂಡಿದ್ದವರು, ಅದಿರಿನ ದುಡ್ಡು ಹರಿದು ಬಳ್ಳಾರಿ ತುಂಬ ದೊಡ್ಡ ಕಾರುಗಳು ಬಂದಾಗ ಕಾರಿನ ಎಸಿಗೂ ಕೈ ಹಾಕಿದರು. ಕೆಂಪು ಧೂಳಿಗೆ ಹೆದರಿ ಯಾರೂ ಗಾಜು ಇಳಿಸುತ್ತಿರಲಿಲ್ಲ, ಎಸಿ ಕೆಟ್ಟರೆ ಸಾಹುಕಾರರ ಜೀವವೇ ಹೋಗುತ್ತಿತ್ತು. ಚಾಂದಸಾಬರು ಗಾಳಿ ಎಳೆಯುವ ಪಂಪನ್ನು ಸ್ಕೂಟರಿಗೆ ಕಟ್ಟಿಕೊಂಡು ಮನೆಮನೆಗೆ ಹೋಗುತ್ತಿದ್ದರು. ಕೆಲಸದಲ್ಲಿ ಅವಸರ ಮಾಡಿದವರಲ್ಲ, ಬೈಗುಳದಲ್ಲಿ ಮಾತ್ರ ಬಲು ಚುರುಕು.

ಆ ಗುರುವಾರ ಅಳಿಯ ಅಲ್ತಾಫನ ಹಳೇ ಕಾರು ಅವರ ಅಂಗಳದಲ್ಲೇ ನಿಂತಿತ್ತು. ಬಾಣಂತನ ಮುಗಿಸಿದ ಮಗಳು ಪರ್ವೀನ್, ಕೂಸನ್ನು ಕರೆದುಕೊಂಡು ಸಿರುಗುಪ್ಪದ ಗಂಡನ ಮನೆಗೆ ಹೊರಟಿದ್ದಳು. ಕೂಸಿಗೆ ಸೆಕೆ ತಾಗಬಾರದೆಂದು ಚಾಂದಸಾಬರು ಪಂಪು ಹಚ್ಚಿ ಎಸಿ ಪೈಪುಗಳೊಳಗಿನ ಗಾಳಿ, ತೇವವನ್ನೆಲ್ಲ ಎಳೆದು ತೆಗೆದರು. ಎಲ್ಲೂ ಸೋರುತ್ತಿಲ್ಲವೆಂದು ತಿಳಿಯಲು, ಮೀಟರಿನ ಮುಳ್ಳು ಅಲ್ಲಾಡದೆ ನಿಲ್ಲುತ್ತದೆಯೇ ಎಂದು ಚಹಾ ಕುಡಿಯುತ್ತ ಕಾದರು. ಆಮೇಲೆ ಹೊಸದಾಗಿ ತಂದ ಎಸಿ ಗ್ಯಾಸಿನ ಡಬ್ಬಿ ಜೋಡಿಸಿ, ನಡುವಿನ ಪೈಪಿನ ಗಾಳಿ ಹೋಗಲೆಂದು ಚೂರು ಗ್ಯಾಸ್ ಹೊರಗೆ ಬಿಟ್ಟರು. ಅಡುಗೆ ಗ್ಯಾಸಿನ ವಾಸನೆ ಬಂತು. ಕಾಂಪೌಂಡಿನ ಈಚೆ ನಿಂತಿದ್ದ ನನಗೂ ಬಂತು.

ಒಲೆ ಸರಿಯಾಗಿ ಆರಿಸಲು ಬರುವುದಿಲ್ಲವೇ, ಮನೆ ಸುಡುತ್ತೀಯಾ ಎಂದು ಚಾಂದಸಾಬರು ಮೌಲಾಬಿಯನ್ನು ಗದರಿ, ಡಬ್ಬಿಯನ್ನು ಪೂರಾ ಕಾರಿಗೆ ಇಳಿಸಿದರು. ಬೈಗುಳಕ್ಕೆ ಉತ್ತರ ಕೊಡುವುದನ್ನು ಆಕೆ ಎಂದೋ ಬಿಟ್ಟಿದ್ದಳು.

ಎಸಿ ತಣ್ಣಗೆ ಬೀಸಿತು. ಅಲ್ತಾಫ್ ಸ್ಟೇರಿಂಗ್ ಮುಂದೆ ಕೂತಿದ್ದ, ಪರ್ವೀನ್ ಕೂಸಿನೊಂದಿಗೆ ಹಿಂದೆ ಹತ್ತಿದಳು. ಗುರುವಾರ ಲೋಬಾನದ ಹೊಗೆ ಹಾಕದೆ ಮೌಲಾಬಿ ಯಾರನ್ನೂ ಕಳಿಸುವವಳಲ್ಲ. ನಿಗಿನಿಗಿ ಕೆಂಡದ ಧೂಪದಾನಿ ಹಿಡಿದು ಬಂದು ಕಾರಿನ ಬಾಗಿಲು ತೆಗೆದಳು. ಮುಂದೆ ಚಾಂದಸಾಬರು ಬಾನೆಟ್ ಕೆಳಗೆ ಬಗ್ಗಿ ಪೈಪು ಬಿಚ್ಚುತ್ತಿದ್ದರು. ಬುಸ್ ಎಂದಿತು, ಮತ್ತೆ ಅದೇ ವಾಸನೆ.

"ಒಲಿ ಇನ್ನೂ ಬಂದ್ ಮಾಡಿಲ್ಲೇನು?"

"ಸಿಲಿಂಡರ್ ಖಾಲಿ ಆಗಿ ವಾರ ಆತು," ಅಂದಳು ಮೌಲಾಬಿ. "ನಿಮಗ ಹೇಳಿ ಹೇಳಿ ಸಾಕಾತು. ಕಟ್ಟಿಗಿ ಒಲಿ ಮ್ಯಾಲೆ ಅಡಿಗಿ ಮಾಡಾಕತ್ತೀನಿ."

ಚಾಂದಸಾಬರ ಮುಖ ಬಿಳಿಚಿಕೊಂಡಿತು. ಎಸಿ ಗ್ಯಾಸಿಗೆ ಅಂಥ ವಾಸನೆಯೇ ಇರುವುದಿಲ್ಲ, ಅದು ಹಾಗೆ ಹೊತ್ತಿಕೊಳ್ಳುವುದೂ ಇಲ್ಲ. ಯಾರೋ ಪುಣ್ಯಾತ್ಮ ಡಬ್ಬಿಯಲ್ಲಿ ಅಡುಗೆ ಗ್ಯಾಸ್ ತುಂಬಿ ಮಾರಿದ್ದ, ಇವರು ಅದನ್ನೇ ಮಗಳು ಕೂರುವ ಕಾರಿಗೆ ತುಂಬಿದ್ದರು. ಅವರು ಓಡಿಬಂದು ಬರಿಗೈಯಲ್ಲೇ ಧೂಪದಾನಿ ಕಿತ್ತುಕೊಂಡು ಬೀದಿಗೆ ಎಸೆದರು. ಎಂಜಿನ್ ಬಂದ್ ಮಾಡಿ ಇಳಿಯುವಂತೆ ಅಲ್ತಾಫನಿಗೆ ಕೂಗಿ, ಕೂಸನ್ನು ಎಳೆದುಕೊಂಡು ಕಾಂಪೌಂಡಿನ ಮೇಲಿಂದ ನನ್ನ ಕೈಗೆ ಕೊಟ್ಟರು. ಕೂಸು ಹಾಯಾಗಿ ನಿದ್ದೆ ಮಾಡುತ್ತಿತ್ತು.

ಏನೂ ಆಗಲಿಲ್ಲ. ಪರ್ವೀನ್ ಅಂಗಳದ ಮಣ್ಣಲ್ಲೇ ಕೂತುಬಿಟ್ಟಿದ್ದಳು. ಮೌಲಾಬಿ ಗಂಡನ ಸುಟ್ಟ ಅಂಗೈ ಮೇಲೆ ನೀರು ಸುರಿಯುತ್ತಿದ್ದಳು.

"ಸಿಲಿಂಡರ್ ತುಂಬಿದ್ದಿದ್ರ," ಅಂದರು ಚಾಂದಸಾಬರು, "ನಿನಗ ಬೈಕೋತ ಅವರನ್ನ ಕಳಿಸಿಬಿಡ್ತಿದ್ದೆ."

ಮೌಲಾಬಿ ಇನ್ನೊಂದು ಚೆಂಬು ನೀರು ಸುರಿದಳು.