ಚಳಿಗಾಲದ ಗೆಂಡೆ, ನಮ್ಮೆಜಮಾನರ ಹಟ

ನನ್ನ ಗಂಡ ಅಂಜನಮೂರ್ತಿಯವರ ಬಗ್ಗೆ ಯಾರಾದರೂ ಕೇಳಿದರೆ ನನಗೆ ಮೊದಲು ಬರುವುದು ಸಿಟ್ಟು. ಒಳ್ಳೆಯ ಮಾತು ಬೇಕಿದ್ದರೆ ಆಮೇಲೆ ಹೇಳುತ್ತೇನೆ. ಲಿಂಗರಾಜಪುರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಅವರದು. ಸುಟ್ಟುಹೋದ ಬೋರ್‌ವೆಲ್ ಮೋಟಾರನ್ನು ಬಿಚ್ಚಿ, ಹೊಸ ತಾಮ್ರದ ತಂತಿ ಸುತ್ತಿ, ಮತ್ತೆ ಓಡುವ ಹಾಗೆ ಮಾಡಿಕೊಡುತ್ತಾರೆ; ಅದರಲ್ಲಿ ಎರಡು ಮಾತಿಲ್ಲ. ಕುಡಿಯುವುದಿಲ್ಲ, ಬೀಡಿ ಮುಟ್ಟುವುದಿಲ್ಲ, ನನ್ನ ಮೇಲೆ ಒಂದು ದಿನವೂ ಕೈ ಎತ್ತಿದವರಲ್ಲ. ಇರುವುದು ಒಂದೇ ಚಟ, ಕೆರೆಗೆ ಹೋಗಿ ಗಾಳ ಹಾಕುವುದು. ಆ ಚಟದ ಜೊತೆಗೆ ಹಟವೂ ಸೇರಿಕೊಂಡಿದೆಯಲ್ಲ, ನನ್ನ ಪ್ರಾಣ ತಿನ್ನುವುದು ಅದೇ.

ನಮ್ಮ ಮನೆಯಲ್ಲಿ ಗಾಳದ ಕೋಲು ಹಿಡಿದು ಹೊರಟವರನ್ನು ‘ಎಲ್ಲಿಗೆ?’ ಎಂದು ಕೇಳುವ ಹಾಗಿಲ್ಲ. ಕೇಳಿದರೆ ಅಂದು ಮೀನು ಬೀಳುವುದಿಲ್ಲವಂತೆ. ನಮ್ಮತ್ತೆ ನಮ್ಮ ಮಾವನವರನ್ನು ಕೇಳಲಿಲ್ಲ, ನಾನು ಇವರನ್ನು ಕೇಳಲಿಲ್ಲ. ಮಗಳು ಪೂಜಿತಾ ಚಿಕ್ಕವಳಿದ್ದಾಗ ಒಮ್ಮೆ ಬಾಯಿತಪ್ಪಿ ಕೇಳಿಬಿಟ್ಟಳು ಎಂದು, ಕೋಲನ್ನು ಮೂಲೆಗಿಟ್ಟು ಸಂಜೆಯವರೆಗೂ ಮುಖ ಊದಿಸಿಕೊಂಡು ಕೂತಿದ್ದರು ಈ ಮಹಾನುಭಾವರು. ಸಾಲದು ಎಂದು ಫೋನನ್ನೂ ಆಫ್ ಮಾಡಿಕೊಂಡೇ ಹೋಗುತ್ತಾರೆ. ಮನೆಗೆ ಬೆಂಕಿ ಬಿದ್ದರೂ ಅವರಿಗೆ ತಿಳಿಸುವ ದಾರಿಯಿಲ್ಲ.

ಇವರಿಗೆ ಗಾಳದ ಜೊತೆಗಾರ ಅಹ್ಮದ್ ಪಾಷಾ. ಶಿವಾಜಿನಗರದ ಒಂದು ಸಂದಿಯಲ್ಲಿ ಗಾಳ, ತಂಗೂಸಿ ದಾರ, ಬೆಂಡು ಮಾರುವ ಅಂಗಡಿ ಅವರದು. ಮೀಸೆ ಮೂಡುವ ಮೊದಲಿನಿಂದ ಇಬ್ಬರೂ ಸೇರಿ ಕೆರೆ ಸುತ್ತಿದವರು. ಪೂಜಿತಾ ಹುಟ್ಟುವಾಗ ನನಗೆ ನೋವು ಬಂದು, ಇವರು ಯಾವ ಕೆರೆಯಲ್ಲಿದ್ದಾರೋ ಗೊತ್ತಾಗದೆ ಇದ್ದಾಗ, ಆಟೋ ತಂದು ನನ್ನನ್ನು ಆಸ್ಪತ್ರೆಗೆ ಸೇರಿಸಿದವರು, ಅಂದು ಇವರ ಜೊತೆ ಹೋಗದೆ ಉಳಿದಿದ್ದ ಪಾಷಾ ಭಾಯಿ ಮತ್ತು ಅವರ ಹೆಂಡತಿ ಖುರ್ಷೀದಾ. ಅಂಥ ಸ್ನೇಹ ಮುರಿದುಬಿದ್ದದ್ದು ಯಾವುದಕ್ಕೆ ಅಂತೀರಿ? ಚಳಿಗಾಲದಲ್ಲಿ ಮೀನು ಯಾವಾಗ ಕಚ್ಚುತ್ತದೆ ಎನ್ನುವುದಕ್ಕೆ!

ಕಳೆದ ವರ್ಷದ ಜನವರಿಯಲ್ಲಿ ನಡೆದದ್ದು. ಪಾಷಾ ಭಾಯಿ ಅಂಗಡಿಯಲ್ಲಿ ಹೊಸಬರು ಯಾರೋ ಗಾಳ ಕೊಳ್ಳಲು ಬಂದಿದ್ದರು. ಇವರು ಸುಮ್ಮನಿರಬೇಕೋ ಬೇಡವೋ? ಚಳಿಗಾಲವಾಗಲಿ ಬೇಸಿಗೆಯಾಗಲಿ ಬೆಳಕು ಹರಿಯುವ ಮುಂಚೆ ಹೋಗಬೇಕು, ಜೊಂಡಿನ ಪಕ್ಕದ ತೆಳುನೀರಿಗೆ ಹಾಕಬೇಕು, ಗಾಳಕ್ಕೆ ನಿಂಬೆಹಣ್ಣಿನಷ್ಟು ಹಿಟ್ಟಿನ ಎರೆ ಕಟ್ಟಬೇಕು ಎಂದು ಪಾಠ ಶುರುಮಾಡಿದರು. ಪಾಷಾ ಭಾಯಿಗೆ ತಡೆಯಲಾಗಲಿಲ್ಲ.

“ಅರೆ, ಇವನ ಮಾತು ಕೇಳ್ಬೇಡಿ ಸಾರ್” ಎಂದರಂತೆ. “ರಾತ್ರಿ ಚಳಿಗೆ ನೀರು ತಣ್ಣಗಾಗಿರುತ್ತೆ. ಮೀನು ಮೇಲಕ್ಕೇ ಬರಲ್ಲ, ಹಸಿವೂ ಇರಲ್ಲ ಅದಕ್ಕೆ. ಬಿಸಿಲು ಚೆನ್ನಾಗಿ ಏರ್ಲಿ, ಆಮೇಲೆ ಹೋಗಿ. ಏರಿ ಮೇಲೆ ತೂಬಿನ ಹತ್ರ ಆಳ ಇರುತ್ತಲ್ಲ, ಅಲ್ಲಿ ಹಾಕಿ. ಸಣ್ಣ ಗಾಳ, ಬಟಾಣಿಯಷ್ಟು ಎರೆ. ಬೆಂಡು ಮುಳುಗೋದನ್ನ ಕಾಯ್ಬೇಡಿ, ಒಂಚೂರು ಅಲ್ಲಾಡಿದ್ರೆ ಎಳೀರಿ. ಇವನು ಹೇಳ್ದಂಗೆ ಹೋದ್ರೆ ಸಿಗೋದು ಮೀನಲ್ಲ, ನೆಗಡಿ.”

ಬಂದವರೆಲ್ಲ ಗೊಳ್ಳೆಂದು ನಕ್ಕರು. ಇವರು ಅಂಗಡಿಯಿಂದ ಇಳಿದು ಬಂದವರು ಮತ್ತೆ ಆ ಸಂದಿಗೆ ಕಾಲಿಡಲಿಲ್ಲ. ಪಾಷಾ ಭಾಯಿ ಎರಡು ಸಲ ಫೋನ್ ಮಾಡಿದರು, ಎತ್ತಲಿಲ್ಲ. ಆಮೇಲೆ ಅವರಿಗೂ ರೋಷ ಬಂತು.

ಮತ್ತೆ ಚಳಿಗಾಲ ಬಂತು. ರಜೆಯ ದಿನ ಬಂದರೆ ಸಾಕು, ಕತ್ತಲಲ್ಲೇ ಎದ್ದು, ಮಂಕಿಟೋಪಿ ಹಾಕಿಕೊಂಡು, ಸ್ಕೂಟರಿನ ನಿದ್ದೆ ಕೆಡಿಸಿ, ಬೀದಿಯ ನಾಯಿಗಳನ್ನೆಲ್ಲ ಬೊಗಳಿಸಿ ಹೊರಡುವರು. ಮಧ್ಯಾಹ್ನದ ಮೇಲೆ ಬರುವರು. ಚೀಲ ಖಾಲಿ. ಡಿಸೆಂಬರ್ ಪೂರ್ತಿ ನಮ್ಮ ಮನೆಗೆ ಒಂದು ಮೀನಿನ ಬಾಲವೂ ಬರಲಿಲ್ಲ. ಮಸಾಲೆ ರುಬ್ಬಿಟ್ಟುಕೊಂಡು ಕಾದು ಕಾದು, ಕೊನೆಗೆ ಅದಕ್ಕೆ ಬದನೆಕಾಯಿ ಹಾಕುತ್ತಿದ್ದೆ. “ಪಾಷಾ ಭಾಯಿ ಹೇಳ್ದಂಗೆ ಒಂದ್ಸಲ ಹೋಗಿ ನೋಡಬಾರ್ದೇನ್ರೀ?” ಎಂದರೆ, “ಆ ಹೆಸರು ಎತ್ಬೇಡ ಮಂಜು” ಎಂದು ತಟ್ಟೆ ದೂಡುವರು. ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ ನನಗೆ.

ಹೀಗಿರುವಾಗ ಸಂಕ್ರಾಂತಿಯ ಹಿಂದಿನ ಭಾನುವಾರ ಬೆಳಗ್ಗೆ ಖುರ್ಷೀದಾಳ ಫೋನ್ ಬಂತು. ಅಳುತ್ತಿದ್ದಳು.

“ಮಂಜುಳಕ್ಕಾ, ಇವ್ರಿಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದೀವಿ. ಮಧ್ಯಾಹ್ನ ಆಪರೇಷನ್. ಡಾಕ್ಟ್ರು ಗ್ಯಾರಂಟಿ ಕೊಡಲ್ಲ ಅಂತಾರೆ. ಒಳಗೆ ಹೋಗೋ ಮುಂಚೆ ಮೂರ್ತಿನ ಕರೆಸು ಅಂತ ಒಂದೇ ಸಮ ಕೇಳ್ತಿದ್ದಾರೆ. ಕಳಿಸ್ತೀಯಾ ಅಕ್ಕಾ?”

“ಕಳಿಸ್ತೀನಿ, ನಾನೇ ಕರ್ಕೊಂಡ್ ಬರ್ತೀನಿ” ಎಂದುಬಿಟ್ಟೆ. ಎಲ್ಲಿಂದ ಕರೆದುಕೊಂಡು ಬರುವುದು? ಯಾವ ಕೆರೆ ಎಂದು ಈ ಮನೆಯಲ್ಲಿ ಯಾರು ಕೇಳಿದ್ದಾರೆ?

ಪಕ್ಕದ ಬೀದಿಯ ಚಿನ್ನಪ್ಪನ ಆಟೋ ಹತ್ತಿದೆ. ಮೊದಲು ರಾಂಪುರದ ಕೆರೆಗೆ ಹೋದೆವು. ಇವರ ಬುದ್ಧಿ ನನಗೆ ಗೊತ್ತಲ್ಲ, ಜೊಂಡಿನ ಪಕ್ಕ ಕೂತಿರುತ್ತಾರೆ ಎಂದು ಕೆಸರಿನಲ್ಲಿ ಚಪ್ಪಲಿ ಕಳೆದುಕೊಂಡು ಹುಡುಕಿದೆ. ಇರಲಿಲ್ಲ. ಕಲ್ಕೆರೆಗೆ ಬಂದು ಅಲ್ಲಿಯೂ ತೆಳುನೀರಿನ ಕಡೆಯೆಲ್ಲ ನೋಡಿದೆ. ಅಲ್ಲಿ ವಾಕಿಂಗ್ ಮಾಡುವವರು ನನ್ನನ್ನು ವಿಚಿತ್ರವಾಗಿ ನೋಡಿದರು. ಹೊತ್ತು ಏರುತ್ತಿತ್ತು, ಖುರ್ಷೀದಾ ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದಳು. ಒಂದು ಕಡೆ ಪಾಷಾ ಭಾಯಿಯ ಮುಖ ಕಣ್ಣಮುಂದೆ ಬರುತ್ತಿತ್ತು, ಇನ್ನೊಂದು ಕಡೆ ಗಂಡನ ಮೇಲಿನ ಸಿಟ್ಟಿಗೆ ಮೈಯೆಲ್ಲ ಉರಿಯುತ್ತಿತ್ತು.

ಕೆ.ಆರ್. ಪುರದ ಆಚೆ ಎಲೆಮಲ್ಲಪ್ಪ ಶೆಟ್ಟಿ ಕೆರೆಗೆ ಬಂದಾಗ, ದಡದಲ್ಲಿ ಹುಲ್ಲು ಕೊಯ್ಯುತ್ತಿದ್ದ ಒಬ್ಬ ಹೆಂಗಸನ್ನು ಕೇಳಿದೆ. ಮಂಕಿಟೋಪಿ, ಹಳೆಯ ಸ್ಕೂಟರ್ ಎಂದೊಡನೆ ಅವಳಿಗೆ ಗುರುತು ಸಿಕ್ಕಿತು.

“ಮೂರ್ತಿಯಣ್ಣನಾ? ಜೊಂಡಲ್ಲಿ ಯಾಕಮ್ಮ ಹುಡುಕ್ತೀಯ? ಆವಣ್ಣ ಬಿಸಿಲು ಏರೋವರೆಗೂ ಆ ಟೀ ಅಂಗಡೀಲಿ ಕೂತಿರುತ್ತೆ. ಆಮೇಲೆ ಏರಿ ಮೇಲೆ ಹೋಗಿ ತೂಬಿನ ಹತ್ರ ಹಾಕುತ್ತೆ.”

ಪಾಷಾ ಭಾಯಿ ಹೇಳಿದ್ದ ಅದೇ ಜಾಗ! ಸೆರಗು ಸಿಕ್ಕಿಸಿ ಏರಿಯ ಮೇಲೆ ಓಡಿದೆ.

ಅಲ್ಲೇ ಇದ್ದರು. ತೂಬಿನ ಕಲ್ಲಿನ ಮೇಲೆ ಬಿಸಿಲು ಕಾಯಿಸುತ್ತ, ಸಣ್ಣ ಗಾಳ ಬಿಟ್ಟುಕೊಂಡು, ಪಕ್ಕದಲ್ಲಿ ಬಟಾಣಿಯಷ್ಟು ಬಟಾಣಿಯಷ್ಟು ಉಂಡೆ ಕಟ್ಟಿದ ರಾಗಿ ಹಿಟ್ಟಿನ ಎರೆ ಇಟ್ಟುಕೊಂಡು. ನೀರಿನಲ್ಲಿ ಇಳಿಬಿಟ್ಟ ಬಲೆಚೀಲದಲ್ಲಿ ಒಳ್ಳೆಯ ದಪ್ಪ ಗೆಂಡೆ ಮೀನುಗಳು ಒದ್ದಾಡುತ್ತಿದ್ದವು. ನನ್ನನ್ನು ಕಂಡು ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಎದ್ದು ನಿಂತರು.

“ಪ್ರತಿ ಸಲಾನೂ ಹಿಂಗೇನಾ?” ಎಂದು ಕಿರುಚಿದೆ. “ಪ್ರತಿ ಸಲಾನೂ ಮೀನು ಸಿಗ್ತಿತ್ತಾ? ಏನ್ ಮಾಡಿದ್ರಿ ಅವನ್ನೆಲ್ಲ?”

“ವಾಪಸ್ ಬಿಡ್ತಿದ್ದೆ” ಎಂದರು ತಲೆ ಬಗ್ಗಿಸಿ. “ಮನೆಗೆ ತಂದ್ರೆ ನೀನು ಖುರ್ಷೀದಾಗೆ ಹೇಳ್ತೀಯ. ಅವಳು ಅವನಿಗೆ ಹೇಳ್ತಾಳೆ. ಪಾಷಾ ಹೇಳಿದ್ದೇ ಸರಿ ಅಂತ ಆಗಿಹೋಗುತ್ತಲ್ಲ.”

ಅಯ್ಯೋ ನನ್ನ ಕರ್ಮವೇ! ನಾನು ಬದನೆಕಾಯಿ ತಿಂದುಕೊಂಡು ಬಿದ್ದಿದ್ದೇನೆ, ಇವರು ಕೊರೆಯುವ ಚಳಿಯಲ್ಲಿ ಎದ್ದು ಹೋಗಿ ಟೀ ಅಂಗಡಿಯಲ್ಲಿ ನಡುಗುತ್ತ ಕೂತು, ಹಿಡಿದ ಮೀನನ್ನು ಕೆರೆಗೇ ಬಿಟ್ಟು ಬರುತ್ತಿದ್ದಾರೆ. ಬೈಯಲು ಬಾಯಿ ತೆರೆದವಳು, ಹೇಳಬೇಕಾದ ಸುದ್ದಿಯನ್ನೇ ಹೇಳಿದೆ. ಅವರ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ಕೋಲು, ಮೀನು, ಸ್ಕೂಟರ್ ಎಲ್ಲ ಅಲ್ಲೇ ಬಿಟ್ಟು ಆಟೋ ಹತ್ತಿದರು.

ಟಿನ್ ಫ್ಯಾಕ್ಟರಿಯ ಹತ್ತಿರ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಚಿನ್ನಪ್ಪ ಹಾರನ್ ಹೊಡೆದೂ ಹೊಡೆದೂ ಸುಸ್ತಾದ. ಇವರು ಹೆಬ್ಬೆರಳಿನ ಉಗುರು ಕಚ್ಚುತ್ತ ಕೂತಿದ್ದರು.

“ನೋಡ್ರೀ, ಹೋದ ತಕ್ಷಣ ಅವರ ಕೈ ಹಿಡ್ಕೊಂಡು, ನೀನು ಹೇಳಿದ್ದೇ ಸರಿ ಪಾಷಾ ಅಂತ ಒಂದು ಮಾತು ಹೇಳ್ಬಿಡಿ” ಎಂದೆ. “ಅವರು ಕಾಯ್ತಿರೋದೇ ಅದಕ್ಕೆ. ನೆಮ್ಮದಿಯಾಗಿ ಒಳಗೆ ಹೋಗ್ಲಿ.”

ನಾವು ಮಹಡಿ ಹತ್ತಿದಾಗ ಪಾಷಾ ಭಾಯಿಯನ್ನು ಆಗಲೇ ಸ್ಟ್ರೆಚರ್ ಮೇಲೆ ಮಲಗಿಸಿ ತಳ್ಳಿಕೊಂಡು ಹೊರಟಿದ್ದರು. ಮುಖ ಬಿಳಿಚಿಕೊಂಡಿತ್ತು. ಇವರನ್ನು ಕಂಡು ಕೈ ಎತ್ತಲು ನೋಡಿದರು, ಆಗಲಿಲ್ಲ. ನರ್ಸ್ ಒಂದು ನಿಮಿಷ ನಿಲ್ಲಿಸಿದಳು. ಖುರ್ಷೀದಾ ಬಾಯಿಗೆ ದುಪಟ್ಟಾ ಒತ್ತಿಕೊಂಡು ಪಕ್ಕಕ್ಕೆ ನಿಂತಳು.

“ಬಂದ್ಯಾ?” ಎಂದರು ಪಾಷಾ ಭಾಯಿ. ದನಿಯೇ ಇರಲಿಲ್ಲ. “ಎಲ್ಲಾ ಆಯ್ತು ಬಿಡು ಯಾರ್... ಈಗಾದ್ರೂ ಹೇಳು. ನಾನ್ ಹೇಳಿದ್ದು ಸರಿ ತಾನೆ?”

ನಾನು ಇವರ ಬೆನ್ನಿಗೆ ತಿವಿದೆ. ಇವರು ಸ್ಟ್ರೆಚರಿನ ಕಂಬಿ ಹಿಡಿದು ಬಗ್ಗಿದರು.

“ಏನ್ ಮಣ್ಣು ಸರಿ?” ಎಂದರು. “ಇವತ್ತು ಬೆಳಕು ಹರಿಯೋ ಮುಂಚೆ ಜೊಂಡಿನ ಹತ್ರ ಹಾಕಿದ್ದೆ. ನಿಂಬೆಹಣ್ಣಿನಷ್ಟು ಎರೆ. ಚೀಲದ ತುಂಬ ಗೆಂಡೆ. ನಿನಗೆ ಗಾಳ ಮಾರೋಕೆ ಗೊತ್ತು, ಹಾಕೋಕೆ ಗೊತ್ತಿಲ್ಲ ಕಣೋ.”

ಪಾಷಾ ಭಾಯಿಯ ಕಣ್ಣು ಕೆಂಪಾದವು. ಕುತ್ತಿಗೆಯ ನರ ಉಬ್ಬಿತು. “ಝೂಟಾ!” ಎಂದರು, ಈ ಸಲ ದನಿ ಎದ್ದಿತು. “ಸುಳ್ಳು ಬೊಗಳ್ತೀಯಾ! ಈ ಚಳೀಲಿ? ಇರು, ಹೊರಗೆ ಬರ್ತೀನಿ ನಾನು. ನಿನ್ನ ಎದುರಿಗೇ ಹಾಕಿ ತೋರಿಸ್ತೀನಿ ಬೇವಕೂಫ್!” ನರ್ಸ್ ಗಾಬರಿಯಾಗಿ ಸ್ಟ್ರೆಚರನ್ನು ಒಳಗೆ ತಳ್ಳಿದಳು. ಬಾಗಿಲು ಮುಚ್ಚಿದ ಮೇಲೂ ಅವರ ಬೈಗುಳ ಕೇಳುತ್ತಿತ್ತು.

ನನಗೆ ಆ ಸಿಟ್ಟಿನಲ್ಲಿ ಜಾಗ, ಜನ ಒಂದೂ ಕಾಣಲಿಲ್ಲ. “ಮನುಷ್ಯರೇನ್ರೀ ನೀವು?” ಎಂದು ಅಂಗಿ ಹಿಡಿದು ಜಗ್ಗಿದೆ. “ಸಾಯೋಕೆ ಬಿದ್ದಿರೋರ ಹತ್ರಾನೂ ಹಟಾನಾ? ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?”

ಅವರು ನನ್ನ ಕಡೆ ತಿರುಗಿದರು. ಗಲ್ಲದ ಮೇಲೆಲ್ಲ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

“ಸರಿ ಅಂದಿದ್ರೆ ಅವನಿಗೆ ಎಲ್ಲ ಮುಗಿದೋಗ್ತಿತ್ತು ಮಂಜು” ಎಂದರು. “ನೆಮ್ಮದಿಯಾಗಿ ಕಣ್ಣು ಮುಚ್ಚಿಬಿಡ್ತಿದ್ದ. ಅವನನ್ನ ನಾನು ಚಿಕ್ಕಂದಿನಿಂದ ನೋಡಿದೀನಿ. ಸೋತು ಸುಮ್ನಿರೋ ಜಾತಿ ಅಲ್ಲ ಅದು. ಈಗ ನನ್ನ ಸುಳ್ಳು ಹಿಡಿಯೋಕಾದ್ರೂ ಎದ್ದು ಬರ್ತಾನೆ.”

ಹಿಡಿದಿದ್ದ ಅಂಗಿಯನ್ನು ಬಿಟ್ಟುಬಿಟ್ಟೆ. ಖುರ್ಷೀದಾ ಬೆಂಚಿನ ಮೇಲೆ ಪಕ್ಕಕ್ಕೆ ಸರಿದು, ಅವರಿಗೆ ಕೂರಲು ಜಾಗ ಮಾಡಿಕೊಟ್ಟಳು.